ಬರ್ತೀನಿ ಅಂದ ಮಧ್ಯಾಹ್ನ

ಶನಿವಾರ ಬೆಳಿಗ್ಗೆ ಏಳೂವರೆಗೆ ವಿಮಾನ ಬಹ್ರೈನಿನಲ್ಲಿ ಇಳಿಯಿತು. ಬೆಂಗಳೂರಿನಿಂದ ನಾಲ್ಕೂವರೆ ಗಂಟೆಯ ದಾರಿ. ನನ್ನ ಕೈಗಡಿಯಾರ ಹತ್ತು ತೋರಿಸುತ್ತಿತ್ತು. ಅದನ್ನು ಎರಡೂವರೆ ಗಂಟೆ ಹಿಂದಕ್ಕೆ ತಿರುಗಿಸಿಕೊಂಡೆ. ಹೊರಗೆ ನನ್ನ ತಮ್ಮ ಸುಧೀಂದ್ರ ನಿಂತಿದ್ದ. ಐವತ್ತನಾಲ್ಕು ವರ್ಷದವನು, ಮೂರು ವರ್ಷದ ಹಿಂದೆ ನೋಡಿದ್ದಕ್ಕಿಂತ ತೆಳ್ಳಗಾಗಿದ್ದ, ತಲೆಯಲ್ಲಿ ಕೂದಲು ಉಳಿದಿರಲಿಲ್ಲ. ಚೀಲ ಇಸಿದುಕೊಂಡು, "ಇಷ್ಟ ಏನ ಸಾಮಾನು? ಅವಲಕ್ಕಿ ತಂದೀಯಿಲ್ಲೊ?" ಅಂದ. ತಂದಿದ್ದೆ.

ವಿಮಾನ ನಿಲ್ದಾಣದಿಂದ ಅವನಿರುವ ಗುದೈಬಿಯಾಕ್ಕೆ ಒಂಬತ್ತು ಕಿಲೋಮೀಟರು, ಟ್ಯಾಕ್ಸಿಗೆ ಐದು ದಿನಾರು. ಸಮುದ್ರದ ಮೇಲಿನ ಸೇತುವೆ ದಾಟುವಾಗ ಎಡಗಡೆ ಗಾಜಿನ ಗೋಪುರಗಳು ಕಂಡವು. ಅವುಗಳ ಹಿಂದೆ ಆಕಾಶ ನೀಲಿಯಾಗಿರಲಿಲ್ಲ, ಹಳೆಯ ಪಂಚೆಯ ಬಣ್ಣಕ್ಕಿತ್ತು. ದಾರಿಯಲ್ಲಿ ನಡೆದು ಹೋಗುತ್ತಿದ್ದ ಮನುಷ್ಯರನ್ನು ನಾನು ಎಣಿಸಿದೆ. ಗುದೈಬಿಯಾದ ಗಲ್ಲಿ ಸೇರುವವರೆಗೆ ಇಬ್ಬರು.

ನಾನು ಊರು ನೋಡಲು ಹೋದವಳಲ್ಲ. ಅವನನ್ನು ಧಾರವಾಡಕ್ಕೆ ಕರೆದುಕೊಂಡು ಬರಲು ಹೋದವಳು. ಏರ್ ಕಂಡೀಷನರ್ ಬಿಡಿಭಾಗಗಳ ಗೋದಾಮೊಂದನ್ನು ಅವನು ಇಪ್ಪತ್ತು ವರ್ಷದಿಂದ ನೋಡಿಕೊಳ್ಳುತ್ತಿದ್ದ. ಆ ಕಂಪನಿ ತಿಂಗಳ ಕೊನೆಗೆ ಬಾಗಿಲು ಹಾಕುವುದಿತ್ತು. ಟುಬ್ಲಿ ಅನ್ನುವ ಕಡೆ, ಗ್ಯಾರೇಜುಗಳ ನಡುವಿನ ಒಂದು ಸಣ್ಣ ವರ್ಕ್‌ಶಾಪಿನವರು ಅವನನ್ನು ಕರೆದಿದ್ದರು. ಮುಂದಿನ ಭಾನುವಾರದೊಳಗೆ ಹೂಂ ಅಥವಾ ಊಹೂಂ ಹೇಳಬೇಕಿತ್ತು. ಹೂಂ ಅಂದರೆ ವೀಸಾ ಬದಲಾಗಿ ಇನ್ನೂ ಕೆಲವು ವರ್ಷ ಅಲ್ಲೇ. ಊಹೂಂ ಅಂದರೆ ಧಾರವಾಡದಲ್ಲಿ ನನ್ನ ಮನೆಯ ಮಹಡಿ. ಅವನು ಮದುವೆಯಾಗಲಿಲ್ಲ. ನನ್ನ ಯಜಮಾನರು ಹೋಗಿ ಎರಡು ವರ್ಷವಾಗಿದೆ. ಮಹಡಿಗೆ ಸುಣ್ಣ ಹೊಡೆಸಿಯೇ ನಾನು ವಿಮಾನ ಹತ್ತಿದ್ದೆ. ಮುಂದಿನ ಶನಿವಾರ ಸಂಜೆಗೆ ನನ್ನ ಮರುಪ್ರಯಾಣ.

ಅವನ ಮನೆ ಮೂರನೆಯ ಮಹಡಿಯಲ್ಲಿ, ಒಂದು ಕೋಣೆ, ಒಂದು ಅಡುಗೆಮನೆ. ಸ್ನಾನಕ್ಕೆ ಹೋದವಳು ತಣ್ಣೀರಿನ ನಲ್ಲಿ ತಿರುಗಿಸಿ ಕೈ ಸುಟ್ಟುಕೊಂಡೆ. ಸುಧಿ ಬಾಗಿಲ ಹೊರಗಿನಿಂದಲೇ ಹೇಳಿದ, ಬೇಸಿಗೆಯಲ್ಲಿ ಎಲ್ಲ ಉಲ್ಟಾ ಎಂದು. ತಾರಸಿಯ ಟ್ಯಾಂಕಿನ ನೀರು ಬಿಸಿಲಿಗೆ ಕುದಿಯುತ್ತದೆ. ಅದಕ್ಕೆ ಗೀಸರನ್ನು ಆರಿಸಿಬಿಡುತ್ತಾರೆ. ಮನೆಯೊಳಗೆ ನೆರಳಲ್ಲಿರುವ ಅದರ ಹೊಟ್ಟೆಯಲ್ಲಿ ನೀರು ತಣ್ಣಗಾಗುತ್ತದೆ. ಬಿಸಿನೀರಿನ ನಲ್ಲಿಯಿಂದ ತಣ್ಣೀರು ಬರುತ್ತದೆ. ನಾಲ್ಕು ತಿಂಗಳು ಹಾಗೆ.

ಭಾನುವಾರ ಅಲ್ಲಿ ಕೆಲಸದ ದಿನ, ರಜೆ ಇರುವುದು ಶುಕ್ರವಾರ ಮತ್ತು ಶನಿವಾರ. ಅವನು ಆರೂವರೆಗೆ ಹೊರಟ. ನಾನು ಕಿಟಕಿಯ ಬಳಿ ಕುಳಿತೆ. ಎದುರಿನ ಕಟ್ಟಡದ ಗೋಡೆಗೆ ನಲವತ್ತೊಂದು ಏಸಿ ಪೆಟ್ಟಿಗೆಗಳು. ಒಂದೊಂದರಿಂದಲೂ ನೀರು ತೊಟ್ಟಿಕ್ಕುತ್ತಿತ್ತು, ಮೈನಾ ಹಕ್ಕಿಗಳು ಸರದಿಯಲ್ಲಿ ಬಂದು ಕುಡಿಯುತ್ತಿದ್ದವು. ಹತ್ತು ಗಂಟೆಯ ಮೇಲೆ ಹಕ್ಕಿಗಳೂ ಬರಲಿಲ್ಲ. ನೀರಾವರಿ ಇಲಾಖೆಯಲ್ಲಿ ಮೂವತ್ತು ವರ್ಷ ನಕ್ಷೆ ಬಿಡಿಸಿದ ನನಗೆ ಒಬ್ಬಳೇ ಕುಳಿತು ನೋಡುವುದು ಹೊಸದಲ್ಲ. ಆದರೂ ಗಾಜಿನ ಆಚೆ ಅಷ್ಟು ಬೆಳಕು, ಒಂದೂ ಸದ್ದಿಲ್ಲ. ಏಸಿಯ ಗುಂಯ್ ಅನ್ನುವುದನ್ನು ಬಿಟ್ಟರೆ ಕಿವಿಗೆ ಏನೂ ಬೀಳಲಿಲ್ಲ. ಮಧ್ಯಾಹ್ನ ಅನ್ನಕ್ಕಿಡುವಾಗ ನಾನು ಕುಕ್ಕರಿನ ಜೊತೆ ಮಾತಾಡುತ್ತಿರುವುದು ಗೊತ್ತಾಯಿತು.

ಆ ಕುಕ್ಕರು ಅವನದಲ್ಲ. ಸೋಮವಾರ ಸಂಜೆ ಹೇಳಿದ: ಕುಕ್ಕರು ಶಿವಮೊಗ್ಗದ ಒಂದು ಕುಟುಂಬದ್ದು, ಅವರು ಕೆನಡಾಕ್ಕೆ ಹೋದಾಗ ಕೊಟ್ಟರು. ಮಿಕ್ಸರು ಕುಂದಾಪುರದ ನರ್ಸೊಬ್ಬಳದ್ದು. ಒಗ್ಗರಣೆ ಸೌಟು, ಇಡ್ಲಿ ಪಾತ್ರೆ, ಗೋಡೆಯ ಗಡಿಯಾರ, ಎಲ್ಲಕ್ಕೂ ಹೆಸರಿತ್ತು. ವರ್ಷಕ್ಕೆ ಇಬ್ಬರೋ ಮೂವರೋ ಸ್ನೇಹಿತರು ಹೊರಟುಹೋಗುತ್ತಾರೆ, ಹೋಗುವಾಗ ಪಾತ್ರೆ ಕೊಟ್ಟುಹೋಗುತ್ತಾರೆ. "ಪಾತ್ರೆ ಕೊಡೂಮುಂದ ಎಲ್ಲಾರೂ ಅಳ್ತಾರ. ಆಮ್ಯಾಲೆ ಒಂದು ಮೆಸೇಜ್ ಇಲ್ಲ," ಅಂದ. ದೂರಿನ ದನಿ ಇರಲಿಲ್ಲ ಅದರಲ್ಲಿ.

ಅಂದು ಸೂರ್ಯ ಮುಳುಗಿದ ಮೇಲೆ ಸಮುದ್ರದ ದಂಡೆಗೆ ನಡೆದೆವು. ಏಳು ಗಂಟೆಗೂ ಮೂವತ್ತೇಳು ಡಿಗ್ರಿ ಇತ್ತು. ಸೀರೆ ಬೆನ್ನಿಗೆ ಅಂಟಿಕೊಂಡಿತು. ದಾರಿಯುದ್ದಕ್ಕೂ ನಾನು ವಾದ ಮಾಡಿದೆ, ಅವನು ಉತ್ತರ ಕೊಟ್ಟ. ನಾನು ಮರದ ನೆರಳಿಲ್ಲದ ಊರು ಅಂದೆ. ಅವನು ಕರೆಂಟು ಹೋಗದ ಊರು ಅಂದ. ವರ್ಷದಲ್ಲಿ ಐದು ತಿಂಗಳು ಗಾಜಿನ ಹಿಂದೆ ಬದುಕುತ್ತೀ ಅಂದೆ. ನಲ್ಲಿಯಲ್ಲಿ ಇಪ್ಪತ್ತನಾಲ್ಕು ಗಂಟೆ ನೀರಿದೆ, ಹೆಂಗಸರು ಹೊತ್ತು ಮೀರಿ ಒಬ್ಬರೇ ಓಡಾಡುತ್ತಾರೆ, ಬಸ್ಸು ತಣ್ಣಗಿದೆ, ಮುನ್ನೂರು ಫಿಲ್ಸ್ ಚಿಲ್ಲರೆಗೆ ಊರೆಲ್ಲ ಸುತ್ತಬಹುದು ಅಂದ. ಮುಪ್ಪಾದ ಮೇಲೆ ಇಟ್ಟುಕೊಳ್ಳುವ ಊರಲ್ಲ ಇದು, ಕೆಲಸ ಮುಗಿದರೆ ಕಾಗದ ಮುಗಿಯಿತು ಅಂದೆ. ಅದಕ್ಕೆ ಅವನು ಒಪ್ಪಿದ. ಆಮೇಲೆ ಧಾರವಾಡದಲ್ಲಿ ಈಗ ಗಾಳಿ ಹೇಗಿದೆ ಎಂದು ಕೇಳಿದ. ನನಗೆ ಅರ್ಧ ಗೆದ್ದೆ ಅನ್ನಿಸಿತು.

ಮಂಗಳವಾರ ಸಂಜೆ ಅವನು ದಿನಾ ಊಟ ಮಾಡುವ ಸಣ್ಣ ಹೋಟೆಲಿಗೆ ಹೋದೆವು. ಅಲ್ಲಿ ಹಮೀದ್ ಸಿಕ್ಕಿದರು. ಉಪ್ಪಿನಂಗಡಿಯ ಬ್ಯಾರಿ, ಟುಬ್ಲಿಯಲ್ಲಿ ಸ್ವಂತ ಗ್ಯಾರೇಜು ಇದೆ, ಸುಧಿಗೆ ಹೊಸ ಕೆಲಸದ ದಾರಿ ತೋರಿಸಿದವರು ಅವರೇ. ಹಾಗಾಗಿ ನಾನು ಮೊದಲು ಸ್ವಲ್ಪ ಬಿಗಿಯಾಗಿಯೇ ಇದ್ದೆ. ಅವರು ಅದನ್ನು ಕಂಡೂ ಕಾಣದವರ ಹಾಗೆ ನನ್ನ ತಟ್ಟೆಗೆ ಪರೋಟ ಹಾಕಿಸಿ, "ಅಕ್ಕ, ನಿಮ್ಮ ತಮ್ಮನಿಗೆ ನೀವಾದ್ರೂ ಹೇಳಿ. ತಲೆ ಮೇಲೆ ಒಂದು ಕೂದಲಿಲ್ಲ, ಟೊಪ್ಪಿ ಹಾಕಿ ಅಂದ್ರೆ ಮರ್ಯಾದೆ ಅಂತಾರೆ. ಬಿಸಿಲಿಗೆ ಎಂತ ಮರ್ಯಾದೆ ಮಾರಾಯ್ರೆ?" ಅಂದರು. ಅವರು ಅವನನ್ನು ಸುಧೀರಣ್ಣ ಎಂದು ಕರೆಯುತ್ತಿದ್ದರು. ಸುಧೀಂದ್ರ ಎಂದು ತಿದ್ದಬೇಕೆಂದುಕೊಂಡವಳು ಪರೋಟ ಮುರಿದೆ.

ಬುಧವಾರದ್ದನ್ನು ಗಂಟೆಗಂಟೆಯಾಗಿ ಬರೆಯುತ್ತೇನೆ.

ಬೆಳಿಗ್ಗೆ ಅವನು ಎಂದಿನಂತೆ ಗೋದಾಮಿಗೆ ಹೋದ, ಎರಡು ಗಂಟೆಗೆ ಬರುವುದಾಗಿ ಹೇಳಿದ. ಒಂಬತ್ತಕ್ಕೆ ನಾನು ಟ್ಯಾಕ್ಸಿ ಹಿಡಿದು ಹಳೆಯ ಪೇಟೆಯ ದೊಡ್ಡ ಬಾಗಿಲು, ಬಾಬ್ ಅಲ್ ಬಹ್ರೈನಿಗೆ ಹೋದೆ. ಗುದೈಬಿಯಾದಿಂದ ಎರಡು ಕಿಲೋಮೀಟರಿನಷ್ಟೇ. ಪೇಟೆಯೊಳಗಿನ ಹಳೆಯ ಕೃಷ್ಣನ ಗುಡಿಯಲ್ಲಿ ಕೈ ಮುಗಿಯುವ ಮುಂಚೆ ಫೋನಿನ ಸದ್ದು ಅಡಗಿಸಿದೆ. ಮತ್ತೆ ಅದನ್ನು ಏಳಿಸಲಿಲ್ಲ. ಕೇಸರಿ, ಏಲಕ್ಕಿ ಹಾಕಿದ ಹಲ್ವಾ ತೆಗೆದುಕೊಂಡೆ. ಅಷ್ಟರಲ್ಲಿ ಹನ್ನೆರಡೂಕಾಲು. ನನ್ನ ಫೋನಿನಲ್ಲಿ ಅಲ್ಲಿನ ಸಿಮ್ ಇರಲಿಲ್ಲ. ಹಲ್ವಾ ಅಂಗಡಿಯವನು ತನ್ನ ವೈಫೈ ಕೊಟ್ಟ. ಸುಧಿಗೆ ಫೋನು ಮಾಡಿ, ನನ್ನದು ಮುಗಿಯಿತು, ಬಾಬಿನ ಹತ್ತಿರವೇ ಇದ್ದೇನೆ ಅಂದೆ.

ಅವನು ಹೇಳಿದ್ದು ಇಷ್ಟು: "ಟ್ಯಾಕ್ಸಿ ಅಲ್ಲೇ ಬಾಗಲದಾಗ ಸಿಗ್ತಾವ. ಆದ್ರ ಬಿಸಲ ಭಾಳ ಅದ. ಬರ್ತೀನಿ."

ಇಲ್ಲಿ ಒಂದು ವಿಷಯ ಹೇಳಬೇಕು. ಇಪ್ಪತ್ತು ವರ್ಷ ಪ್ರತಿ ಶುಕ್ರವಾರ ಅವನು ನನಗೆ ಫೋನು ಮಾಡಿದ್ದಾನೆ. ಫೋನು ಮುಗಿಸುವಾಗ ಎಲ್ಲರೂ 'ಇಡ್ತೀನಿ' ಅನ್ನುತ್ತಾರೆ. ಅವನು ಮೊದಲಿನಿಂದಲೂ 'ಬರ್ತೀನಿ' ಅನ್ನುತ್ತಾನೆ, ಎದುರು ಕುಳಿತಿದ್ದು ಎದ್ದು ಹೊರಟವನ ಹಾಗೆ. ಹೋಗುವವರು 'ಹೋಗ್ತೀನಿ' ಅನ್ನಬಾರದೆಂದು ನಮ್ಮ ಅವ್ವ ಕಲಿಸಿದ್ದನ್ನು ಅವನು ಫೋನಿಗೂ ಹಚ್ಚಿಕೊಂಡಿದ್ದ. ಮೊದಲ ವರ್ಷ ನಾನು ಆ ಮಾತಿಗೆ 'ಯಾವಾಗ ಬರ್ತೀ?' ಎಂದು ಕೇಳುತ್ತಿದ್ದೆ. ಆಮೇಲೆ ಕೇಳುವುದನ್ನು ಬಿಟ್ಟೆ. ಆ ಮಾತು ಬಂತೆಂದರೆ ಫೋನು ಕೆಳಗಿಡುವುದು, ಅಷ್ಟೆ.

ನಾನು ಫೋನು ಚೀಲಕ್ಕೆ ಹಾಕಿದೆ. ಟ್ಯಾಕ್ಸಿ ಬಾಗಿಲಲ್ಲಿ ಸಿಗುತ್ತವೆ ಅಂದಿದ್ದ, ಸಿಕ್ಕಿತು. ಮೂರು ದಿನಾರು. ಹನ್ನೆರಡೂ ನಲವತ್ತಕ್ಕೆ ಮನೆಯ ಬೀಗ ತೆಗೆದೆ. ಬಾಗಿಲ ಬಳಿ ಅವನು ಗೋದಾಮಿಗೆ ಒಯ್ಯುವ ಚೀಲ ಇತ್ತು. ಬೆಳಿಗ್ಗೆ ಮರೆತು ಹೋಗಿರಬೇಕು ಅಂದುಕೊಂಡೆ. ಅಡುಗೆಮನೆಯ ಸಿಂಕಿನಲ್ಲಿ ಒಂದು ಲೋಟ ಒದ್ದೆಯಾಗಿತ್ತು. ಅದನ್ನೂ ನೋಡಿದೆ. ಅಷ್ಟು ಕಂಡವಳು ಮುಂದೆ ಯೋಚಿಸಲಿಲ್ಲ. ಫೋನನ್ನು ಅಡುಗೆಮನೆಯಲ್ಲಿ ಚಾರ್ಜಿಗೆ ಹಾಕಿ, ಏಸಿ ಇಪ್ಪತ್ತೆರಡಕ್ಕಿಟ್ಟು, ಹೊದ್ದು ಮಲಗಿದೆ. ನಿದ್ದೆ ಬಂತು.

ಗಂಟೆ ಸದ್ದಿಗೆ ಎದ್ದಾಗ ಮೂರೂ ಇಪ್ಪತ್ತು. ಬಾಗಿಲಲ್ಲಿ ಹಮೀದ್. ನನ್ನನ್ನು ಕಂಡು ಅವರು ಗೋಡೆಗೆ ಕೈ ಕೊಟ್ಟು ನಿಂತರು. "ಅಯ್ಯೋ, ನೀವು ಇಲ್ಲೇ ಇದ್ದೀರಾ," ಅಂದರು ಮೊದಲು. ಆಮೇಲೆ ನಿಧಾನವಾಗಿ, "ಅಕ್ಕ, ಹೆದರುದು ಬೇಡ. ಸುಧೀರಣ್ಣ ಸಲ್ಮಾನಿಯಾ ಆಸ್ಪತ್ರೆಯಲ್ಲಿದ್ದಾರೆ. ನಿಮ್ಮನ್ನು ಹುಡುಕ್ತಾ ಬಿಸಿಲಲ್ಲಿ ಬಿದ್ದದ್ದು."

ಅಡುಗೆಮನೆಗೆ ಹೋಗಿ ಫೋನು ನೋಡಿದೆ. ಮನೆಯ ವೈಫೈ ಮೇಲೆ ಬಂದಿದ್ದ ಒಂಬತ್ತು ಕರೆಗಳು. ಮೊದಲನೆಯದು ಹನ್ನೆರಡೂ ಐವತ್ತೈದಕ್ಕೆ, ಕೊನೆಯದು ಎರಡಕ್ಕೆ. ನಾನು ಮಲಗಿದ್ದಲ್ಲಿಂದ ಆ ಫೋನಿಗೆ ಹತ್ತು ಹೆಜ್ಜೆ.

ಏನಾಗಿತ್ತೆಂದು ಕಾರಿನಲ್ಲೂ ಆಮೇಲೂ ತುಣುಕು ತುಣುಕಾಗಿ ತಿಳಿಯಿತು. ಗೋದಾಮಿನಲ್ಲಿ ಕೆಲಸವೇ ಉಳಿದಿರಲಿಲ್ಲವಾದ್ದರಿಂದ ಸುಧಿ ಅಂದು ಹನ್ನೆರಡಕ್ಕೇ ಮನೆಗೆ ಬಂದಿದ್ದ. ನನ್ನ ಫೋನು ಬಂದಾಗ ಮನೆಯಲ್ಲೇ ಇದ್ದ. ನೀರು ಕುಡಿದು, ಗಲ್ಲಿಯಲ್ಲಿ ಟ್ಯಾಕ್ಸಿ ಕಾಣದೆ, ಎರಡು ಕಿಲೋಮೀಟರು ತಾನೇ ಎಂದು ನಡೆದೇ ಹೊರಟ. ಅವನು ಒಳದಾರಿಯಲ್ಲಿ ಹೋದ, ನನ್ನ ಟ್ಯಾಕ್ಸಿ ದೊಡ್ಡ ರಸ್ತೆಯಲ್ಲಿ ಬಂತು. ಬಾಬಿನ ಬಳಿ ನಾನಿರಲಿಲ್ಲ. ಬೇಸಿಗೆಯಲ್ಲಿ ಹನ್ನೆರಡರಿಂದ ನಾಲ್ಕರವರೆಗೆ ಬಯಲಲ್ಲಿ ಕೆಲಸ ಮಾಡಿಸಬಾರದೆಂದು ಆ ದೇಶದಲ್ಲಿ ಕಾನೂನೇ ಇದೆ. ಆ ಹೊತ್ತಿನಲ್ಲಿ ಅವನು ಗಲ್ಲಿ ಗಲ್ಲಿ ಸುತ್ತಿ, ನೀಲಿ ಸೀರೆಯ ವಯಸ್ಸಾದ ಹೆಂಗಸನ್ನು ಕಂಡಿರಾ ಎಂದು ಅಂಗಡಿ ಅಂಗಡಿಯಲ್ಲಿ ಕೇಳಿದ. ಟೊಪ್ಪಿ ಇರಲಿಲ್ಲ. ಎರಡು ಗಂಟೆಯ ಮೇಲೆ ಒಂದು ಗಡಿಯಾರದ ಅಂಗಡಿಯ ಮೆಟ್ಟಿಲಲ್ಲಿ ಕುಳಿತ. ಮಾತು ತೊದಲುತ್ತಿದ್ದುದರಿಂದ ಕುಡಿದಿದ್ದಾನೆ ಎಂದುಕೊಂಡರಂತೆ. ದಾರಿಯಲ್ಲಿ ಹೋಗುತ್ತಿದ್ದ ಬಿಳಿ ಅಂಗಿಯ ಅರಬ್ ಹಿರಿಯರೊಬ್ಬರು ನಿಂತು, ಅವನ ಹಣೆ ಮುಟ್ಟಿ, ಬೆವರೇ ಇಲ್ಲದ್ದನ್ನು ಕಂಡು ಅಂಗಡಿಯವರನ್ನು ಗದರಿಸಿದರು. ಒಳಗೆ ಏಸಿಯ ಕೆಳಗೆ ಮಲಗಿಸಿ, ಕಂಕುಳಿಗೆ ಐಸಿನ ಬಾಟಲಿ ಇಡಿಸಿ, ಆಂಬುಲೆನ್ಸ್ ಕರೆಸಿದರು. ಅವರ ಹೆಸರು ಯಾರಿಗೂ ಗೊತ್ತಾಗಲಿಲ್ಲ. ಆಸ್ಪತ್ರೆಯವರು ಸುಧಿಯ ಫೋನಿನ ಕರೆಗಳ ಪಟ್ಟಿಯಲ್ಲಿ ನನ್ನ ಹೆಸರಿನ ಕೆಳಗಿದ್ದ ಹಮೀದರಿಗೆ ಕರೆ ಮಾಡಿದ್ದರು.

ವಾರ್ಡಿನಲ್ಲಿ ಅವನು ಕಣ್ಣು ಮುಚ್ಚಿ ಮಲಗಿದ್ದ. ಎರಡೂ ಕೈಗೆ ಡ್ರಿಪ್. ಮೈ ಬಿಸಿ ಇಳಿದಿದೆ, ಮೂತ್ರಪಿಂಡ ಹೇಗಿದೆಯೆಂದು ಎರಡು ದಿನ ನೋಡಬೇಕು, ಈಗಲೇ ಏನೂ ಹೇಳಲಾಗದು ಎಂದು ಡಾಕ್ಟರು ಹಿಂದಿಯಲ್ಲಿ ತಿಳಿಸಿದರು. ಚಿಕ್ಕ ವಯಸ್ಸಿನ ಹೆಂಗಸು, ತಾಳ್ಮೆಯವರು. ನಾನು ಬಂದಾಗ ಮಂಚದ ಸುತ್ತ ಆರು ಗಂಡಸರಿದ್ದರು. ಸಂಜೆಯೊಳಗೆ ಹತ್ತು ಹನ್ನೆರಡು ಜನ ಬಂದು ಹೋದರು. ಹೋಟೆಲಿನ ಮಲಯಾಳಿ ಅಡುಗೆಯವನು ಗಂಜಿ ತಂದ. ಮನೆಯ ಮಾಲೀಕರು ಖರ್ಜೂರ ಕಳಿಸಿದರು. ಗೋದಾಮಿನ ಒಬ್ಬ ಪಠಾಣ ಒಂದು ಗಂಟೆ ಗೋಡೆಗೆ ಒರಗಿ ನಿಂತಿದ್ದ. ತಮ್ಮನಿಗೆ ಇಲ್ಲಿ ಯಾರೂ ಇಲ್ಲ ಎಂದು ನಾನು ಧಾರವಾಡದಲ್ಲಿ ಎಷ್ಟು ಜನರ ಮುಂದೆ ಹೇಳಿದ್ದೆ.

ಆದರೆ ಅಲ್ಲೇ ಇನ್ನೊಂದನ್ನೂ ಕಂಡೆ, ಅದನ್ನೂ ಬರೆಯಬೇಕು. ಅವನ ಗುರುತಿನ ಚೀಟಿ ಮನೆಯ ಚೀಲದಲ್ಲೇ ಉಳಿದಿತ್ತು, ಆಸ್ಪತ್ರೆಯವರು ಬಂದವರನ್ನು ಕೇಳಿ ಒಂದು ಹಾಳೆ ತುಂಬಿಸಿದ್ದರು. ಅದರಲ್ಲಿ ಹೆಸರು ಸುಧೀರ್ ಎಂದಿತ್ತು. ತಂದೆಯ ಹೆಸರಿನ ಜಾಗ ಖಾಲಿ. ರಕ್ತದ ಗುಂಪು, ಹಳೆಯ ಕಾಯಿಲೆ, ಯಾವುದಕ್ಕೆ ಅಲರ್ಜಿ, ಎಲ್ಲ ಖಾಲಿ. ಅಷ್ಟು ಜನ ಇದ್ದರು, ಅಷ್ಟೂ ಜನಕ್ಕೆ ಅವನ ಮೇಲೆ ಜೀವ. ಒಬ್ಬರಿಗೂ ಅವನ ಪೂರ್ತಿ ಹೆಸರು ಗೊತ್ತಿರಲಿಲ್ಲ. ನಾನು ಪೆನ್ನು ಇಸಿದುಕೊಂಡು ಒಂದೊಂದಾಗಿ ಬರೆದೆ. ಪೆನ್ಸಿಲಿನ ಅಲರ್ಜಿ ಎಂದು ಬರೆದು, ಹೊಡೆದುಹಾಕಿ, ಪೆನಿಸಿಲಿನ್ ಎಂದು ಸರಿಮಾಡಿದೆ.

ಗುರುವಾರ ಬೆಳಿಗ್ಗೆ ಹತ್ತಕ್ಕೆ ಅವನು ಸರಿಯಾಗಿ ಕಣ್ಣು ಬಿಟ್ಟ. ನನ್ನನ್ನು ನೋಡಿ, "ಎಲ್ಲಿ ಹೋಗಿದ್ದಿ ಅಕ್ಕಾ?" ಅಂದ.

"ಮನಿಗೆ."

"ಬರ್ತೀನಿ ಅಂದಿದ್ನಲ್ಲ."

"ನೀ ಯಾವಾಗ್ಲೂ ಹಂಗ ಅಂತಿದ್ದಿ," ಅಂದೆ.

ಅವನಿಗೆ ತಿಳಿಯಲು ಒಂದು ಕ್ಷಣ ಹಿಡಿಯಿತು. ತಿಳಿದ ಮೇಲೆ ಮುಖವನ್ನು ಕಿಟಕಿಯ ಕಡೆ ತಿರುಗಿಸಿಕೊಂಡ. ಭುಜ ಅಲ್ಲಾಡುತ್ತಿತ್ತು. ನಗುತ್ತಿದ್ದಾನೋ ಅಳುತ್ತಿದ್ದಾನೋ ಎಂದು ನಾನು ಬಗ್ಗಿ ನೋಡಲಿಲ್ಲ. ಪಕ್ಕದ ಮಂಚದ ಬಂಗಾಳಿ ಮುದುಕ ನನಗೆ ಒಂದು ಕಿತ್ತಳೆ ಕೊಟ್ಟ, ನಾನು ಅದನ್ನು ಸುಲಿಯುತ್ತ ಕುಳಿತೆ.

ಶುಕ್ರವಾರ ಮಧ್ಯಾಹ್ನ, ಮೂತ್ರಪಿಂಡಕ್ಕೆ ತೊಂದರೆಯಾಗಿಲ್ಲ, ಮನೆಗೆ ಹೋಗಬಹುದು ಅಂದರು. ಒಂದು ತಿಂಗಳು ಬಿಸಿಲಿಗೆ ಕಾಲಿಡಬಾರದು ಅಂದರು. ಹಮೀದ್ ಕಾರನ್ನು ಬಾಗಿಲಿನ ತನಕ ತಂದರು. ಮನೆಗೆ ಬಂದು ಅವನನ್ನು ಮಲಗಿಸಿ, ಗಂಜಿ ಕುಡಿಸಿ, ನಾನು ಮಂಚದ ಕೆಳಗೆ ಚಾಪೆ ಹಾಸಿಕೊಂಡು ಕುಳಿತೆ. ಈಗ ಕೇಳಿದರೆ ಅವನು ಬರುತ್ತಾನೆ ಎಂದು ನನಗೆ ಗೊತ್ತಿತ್ತು. ಅವನಿಗೂ ಗೊತ್ತಿತ್ತು. ತಾನಾಗಿಯೇ ಹೇಳಿದ, ನಾನು ಹೇಳಿದರೆ ಟುಬ್ಲಿಯವರಿಗೆ ಊಹೂಂ ಅನ್ನುವುದಾಗಿ, ತನಗೂ ಹೆದರಿಕೆಯಾಗಿದೆ ಎಂದು.

ನಾನು ಹೇಳಬಹುದಿತ್ತು. ಹೇಳಲು ಬಾಯಿ ತೆಗೆದೆ ಕೂಡ. ಬಂದದ್ದು ಬೇರೆ ಮಾತು. ನೀನು ಇಲ್ಲಿ ಒಬ್ಬನೇ ಇದ್ದೀ ಅಂತ ನಾನು ಕರೆಯಲು ಬಂದದ್ದಲ್ಲ ಸುಧಿ, ಅಲ್ಲಿ ನಾನು ಒಬ್ಬಳೇ ಇದ್ದೇನೆ ಅಂದೆ. ಸಂಜೆ ದೀಪ ಹಚ್ಚಿದ ಮೇಲೆ ಮನೆಯಲ್ಲಿ ಮಾತಾಡಲು ಯಾರೂ ಇಲ್ಲ ಅಂದೆ. ಅದನ್ನು ನಾನು ಯಾರಿಗೂ ಹೇಳಿರಲಿಲ್ಲ.

"ಗೊತ್ತದ ಅಕ್ಕಾ," ಅಂದ. "ಇಲ್ಲೆ ಎಲ್ಲಾರೂ ಒಬ್ಬೊಬ್ಬರ ಅದಾರ. ಯಾಕ ಒಬ್ಬನ ಇದ್ದೀ ಅಂತ ಒಬ್ರೂ ಕೇಳೂದಿಲ್ಲ. ಧಾರವಾಡದಾಗ ನಾ ಬಸ್ ಇಳಿಯೂದ್ರಾಗ ಕೇಳ್ತಾರ. ಅದೊಂದಕ್ಕ ನಾ ಇಲ್ಲಿ ಇದ್ದದ್ದು. ಬಿಸಲ ಬಿಡು, ಬಿಸಲ ತಡಕೋಬಹುದು."

ಅವನಿಗೆ ಮದುವೆಯ ಮಾತು ತಂದವರಲ್ಲಿ, ಯಾಕೆ ಬೇಡ ಎಂದು ಪೀಡಿಸಿದವರಲ್ಲಿ ನಾನೇ ಮೊದಲಿನವಳು. ಇಪ್ಪತ್ತೊಂದು ವರ್ಷದ ಹಿಂದೆ, ಆರು ತಿಂಗಳಲ್ಲಿ ನಾಲ್ಕು ಹೆಣ್ಣು ತೋರಿಸಿದ್ದೆ. ಐದನೆಯದಕ್ಕೆ ಅವನು ವೀಸಾ ತೋರಿಸಿದ. ಅದನ್ನು ನಾವಿಬ್ಬರೂ ಎಂದೂ ಆಡಿರಲಿಲ್ಲ, ಆಗಲೂ ಆಡಲಿಲ್ಲ. ನಾನು ಎದ್ದು, ಬಿಸಿನೀರಿನ ನಲ್ಲಿಯಿಂದ ತಣ್ಣನೆಯ ನೀರನ್ನು ಲೋಟಕ್ಕೆ ತುಂಬಿಸಿ ತಂದು ಕೊಟ್ಟೆ. ಟುಬ್ಲಿಯವರಿಗೆ ಹೂಂ ಅಂತ ಹೇಳು ಅಂದೆ. ಆದರೆ ಟೊಪ್ಪಿ ಹಾಕಿಕೊಂಡು ಹೋಗು ಅಂದೆ.

"ನೀ ಏನ ಮಾಡ್ತೀ?" ಅಂದ.

ಮಹಡಿಯನ್ನು ಬಾಡಿಗೆಗೆ ಕೊಡುತ್ತೇನೆ, ಮಕ್ಕಳಿರುವವರಿಗೆ, ಗಲಾಟೆ ಇರಲಿ ಅಂದೆ. ಆ ಕ್ಷಣಕ್ಕೆ ಹೊಳೆದದ್ದು ಅದು. ಈಗಲೂ ಯಾರಿಗೂ ಕೊಟ್ಟಿಲ್ಲ.

ಶನಿವಾರ ಸಂಜೆ ಆರೂವರೆಗೆ ಹಮೀದ್ ನಮ್ಮಿಬ್ಬರನ್ನೂ ಕಾರಿನಲ್ಲಿ ಕೂರಿಸಿಕೊಂಡರು. ಸೂರ್ಯ ಮುಳುಗಿತ್ತು, ಆದರೆ ಗಾಳಿಯಲ್ಲಿ ಸಮುದ್ರದ ತೇವ ತುಂಬಿ ಉಸಿರು ಭಾರವಾಗಿತ್ತು. ವಿಮಾನ ನಿಲ್ದಾಣದ ಬಾಗಿಲಲ್ಲಿ ನಾನು ಸುಧಿಗೆ ಇಳಿಯಬೇಡ ಅಂದೆ. ಅವನು ಇಳಿಯಲು ಹೊರಟ, ಹಮೀದ್ ಕಾರಿನ ಬಾಗಿಲಿನ ಲಾಕು ಹಾಕಿ, "ಕೂತ್ಕೊಳ್ಳಿ ಸುಧೀಂದ್ರಣ್ಣ, ಅಕ್ಕನ ಎದುರು ಮತ್ತೆ ಬೀಳುದು ಬೇಡ," ಅಂದರು. ನಾನು ಅವರ ಮುಖ ನೋಡಿದೆ. ಆ ಹೆಸರನ್ನು ಅವರು ಆಸ್ಪತ್ರೆಯ ಹಾಳೆಯಲ್ಲಿ ಓದಿಕೊಂಡಿರಬೇಕು.

ಚೀಲ ಇಳಿಸಿಕೊಂಡು ತಿರುಗಿ ನೋಡಿದರೆ ಹಿಂದಿನ ಸೀಟಿನ ಗಾಜಿನ ತುಂಬ ಮಂಜು. ಒಳಗೆ ತಂಪು, ಹೊರಗೆ ಸೆಕೆ. ಆ ಊರಿನಲ್ಲಿ ಮಂಜು ಗಾಜಿನ ಹೊರಮೈಗೆ ಕೂರುತ್ತದೆ. ಸುಧಿ ಒಳಗಿನಿಂದ ಅಂಗೈಯಲ್ಲಿ ಒರೆಸುತ್ತಿದ್ದ. ಒರೆಸಿದಷ್ಟೂ ಏನೂ ಆಗುತ್ತಿರಲಿಲ್ಲ, ಬೆಳ್ಳಗೆ ಒಂದು ಕೈ ಮಾತ್ರ ಆಚೀಚೆ ಆಡುತ್ತಿತ್ತು. ನಾನು ಚೀಲ ಕೆಳಗಿಟ್ಟು ಹೋಗಿ, ಸೆರಗಿನಿಂದ ಹೊರಗಿನಿಂದ ಒರೆಸಿದೆ. ಅವನ ಮುಖ ಕಂಡಿತು. ಏನೋ ಹೇಳಿದ, ಕೇಳಿಸಲಿಲ್ಲ. ನಾನು ತಲೆಯಾಡಿಸಿದೆ. ಹಿಂದಿನ ಕಾರು ಹಾರ್ನ್ ಹೊಡೆಯಿತು. ಹಮೀದ್ ಕಾರು ತೆಗೆಯುವಷ್ಟರಲ್ಲಿ ಒರೆಸಿದ ಜಾಗ ಮತ್ತೆ ಅಂಚಿನಿಂದ ಬೆಳ್ಳಗಾಗುತ್ತ ಬಂದಿತ್ತು.